ಗ್ಲಾಸ್ಟನ್‌ಬರಿಯ ಪೇಗನ್ ಅಂಗಡಿಗಳಲ್ಲಿ ಏನು ಕೊಳ್ಳಬೇಕು, ಯಾವಾಗ ಕೊಳ್ಳಬೇಕು

ಅಕ್ಟೋಬರ್ ಬಂತೆಂದರೆ ಇಂಗ್ಲೆಂಡಿನ ಪೇಗನ್ ಅಂಗಡಿಗಳಿಗೆ ವರ್ಷದ ದೊಡ್ಡ ಸೀಸನ್. ಪೇಗನ್ನರು ಅಂದರೆ ಪ್ರಕೃತಿಯನ್ನು, ಕ್ರೈಸ್ತ ಧರ್ಮಕ್ಕೂ ಹಿಂದಿನ ದೇವತೆಗಳನ್ನು ಪೂಜಿಸುವವರು. ಕಿಟಕಿಯಲ್ಲಿ ಕಪ್ಪು ಮೇಣದಬತ್ತಿ, ಕೆಂಪು ಸೇಬು, ಒಣಗಿಸಿ ದಾರ ಸುತ್ತಿದ ಸೊಪ್ಪಿನ ಕಟ್ಟು. ಬಾಗಿಲು ತೆಗೆದರೆ ಧೂಪದ ವಾಸನೆ ಬೀದಿಗೇ ಬರುತ್ತದೆ. ಸಾಮರ್‌ಸೆಟ್‌ನ ಗ್ಲಾಸ್ಟನ್‌ಬರಿ ಎಂಬ ಪುಟ್ಟ ಊರಿನ ಹೈ ಸ್ಟ್ರೀಟ್‌ನಲ್ಲಿ ಇಂಥ ಅಂಗಡಿಗಳು ಸಾಲಾಗಿ ಇವೆ. ಬ್ರಿಸ್ಟಲ್, ರೆಡಿಂಗ್, ಲಂಡನ್ ಕಡೆಯ ನಮ್ಮವರು ವಾರಾಂತ್ಯಕ್ಕೆ ಅಲ್ಲಿಗೆ ಹೋಗುತ್ತಾರೆ. ಟಾರ್ ಗುಡ್ಡ ಹತ್ತಿ ಇಳಿಯುತ್ತಾರೆ. ಆಮೇಲೆ ಒಂದು ಅಂಗಡಿ ಹೊಕ್ಕು, ಚೆಂದ ಕಂಡ ಎರಡು ಬಣ್ಣದ ಕಲ್ಲು ಕೊಂಡು ಬಸ್ ಹತ್ತುತ್ತಾರೆ.

ನನಗೆ ಇದು ಬೇಜಾರು ತರುತ್ತದೆ. ಆ ಅಂಗಡಿಗಳ ನಿಜವಾದ ಸೊಗಸು ಇರುವುದು ಬಾಗಿಲ ಹತ್ತಿರ ಹಾಕಿರುವ ಋತುವಿನ ಮೇಜಿನ ಮೇಲೆ. ಉರಿದು ಮುಗಿಯುವ ಬತ್ತಿ, ಸುಟ್ಟು ಖಾಲಿಯಾಗುವ ಧೂಪ, ಈ ತಿಂಗಳಿಗೆ ಮಾತ್ರ ಸಿಗುವ ಸೊಪ್ಪು. ಇವು ಅಗ್ಗ, ಹಬ್ಬಕ್ಕೆ ನೇರವಾಗಿ ಬೇಕಾದವು, ಮೋಸಕ್ಕೂ ಜಾಗ ಕಮ್ಮಿ. ದುಬಾರಿ ಕಲ್ಲು ಬೇಕೇ ಬೇಕೆಂದರೆ ಕೊಳ್ಳಿ, ಆದರೆ ಎಲ್ಲಿಂದ ಬಂತು ಎಂದು ಕೇಳಿ ಕೊಳ್ಳಿ. ಈ ಲೇಖನ ಇದನ್ನು ಮಾಡುವುದು ಹೇಗೆ ಎನ್ನುವುದರ ಬಗ್ಗೆ.

ಮೊದಲು ಕ್ಯಾಲೆಂಡರ್ ನೋಡಿ

ಪೇಗನ್ನರ ವರ್ಷದಲ್ಲಿ ಎಂಟು ಹಬ್ಬಗಳಿವೆ. ನಾಲ್ಕು ಸೂರ್ಯನ ಲೆಕ್ಕದವು, ನಾಲ್ಕು ಅವುಗಳ ನಡುವೆ ಬರುವವು. ಅಕ್ಟೋಬರ್ 31ರ ಸಂಜೆ ಸೌವಿನ್. ಡಿಸೆಂಬರ್ 21ರ ಆಸುಪಾಸು ಯೂಲ್. ಫೆಬ್ರವರಿ 1ಕ್ಕೆ ಇಂಬೊಲ್ಕ್, ಮಾರ್ಚ್ 20ರ ಸುತ್ತ ಒಸ್ತಾರ, ಮೇ 1ಕ್ಕೆ ಬೆಲ್ಟೇನ್, ಜೂನ್ 21ರ ಸುತ್ತ ಲಿಥಾ, ಆಗಸ್ಟ್ 1ಕ್ಕೆ ಲಾಮಸ್, ಸೆಪ್ಟೆಂಬರ್ 22ರ ಸುತ್ತ ಮೇಬನ್. ಸೌವಿನ್‌ನ ಇಂಗ್ಲಿಷ್ ಸ್ಪೆಲಿಂಗ್ ನೋಡಿದರೆ 'ಸಮ್‌ಹೇನ್' ಅನ್ನಬೇಕು ಅನ್ನಿಸುತ್ತದೆ. ಅಂಗಡಿಯಲ್ಲಿ ಸೌವಿನ್ ಅನ್ನಿ, ಸಾಕು.

ಇವುಗಳಲ್ಲಿ ಕೆಲವು ಹಬ್ಬಗಳು ಐರ್ಲೆಂಡ್, ಸ್ಕಾಟ್ಲೆಂಡ್‌ನಲ್ಲಿ ತುಂಬಾ ಹಳೆಯವು. ಆದರೆ ಎಂಟನ್ನೂ ಒಂದು ಚಕ್ರದಲ್ಲಿ ಜೋಡಿಸಿದ್ದು 1950ರ ದಶಕದ ಬ್ರಿಟನ್ನಿನಲ್ಲಿ. ಮಾಟವಿದ್ಯೆಯನ್ನು ಧರ್ಮವಾಗಿ ಆಚರಿಸುವ ವಿಕ್ಕಾ ಪಂಥವನ್ನು ಬೆಳಕಿಗೆ ತಂದ ಜೆರಾಲ್ಡ್ ಗಾರ್ಡನರ್ ಮತ್ತು ಡ್ರೂಯಿಡ್ ಎಂಬ ಇನ್ನೊಂದು ಪೇಗನ್ ಪಂಥದ ರಾಸ್ ನಿಕಲ್ಸ್ ಸುತ್ತಲಿನವರಿಂದ ಅದು ಹಬ್ಬಿತು. ಲಿಥಾ, ಮೇಬನ್ ಎಂಬ ಹೆಸರುಗಳನ್ನು ಈ ಚಕ್ರಕ್ಕೆ ಸೇರಿಸಿದ್ದು ಅಮೆರಿಕದ ಏಡನ್ ಕೆಲಿ, 1970ರ ದಶಕದಲ್ಲಿ. ಇದು ಗೊತ್ತಿದ್ದರೆ ಒಂದು ಅನುಕೂಲ ಇದೆ. 'ಐದು ಸಾವಿರ ವರ್ಷದ ಮೇಬನ್ ವಿಧಿಯ ಕಿಟ್' ಅಂತ ಯಾರಾದರೂ ಜಾಸ್ತಿ ಬೆಲೆ ಹೇಳಿದರೆ ನೀವು ಸುಮ್ನೆ ಮುಂದೆ ಹೋಗಬಹುದು. ಹೊಸದು ಅಂದ ಮಾತ್ರಕ್ಕೆ ಹಬ್ಬ ಸುಳ್ಳಾಗುವುದಿಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74,000 ಜನ ತಮ್ಮ ಧರ್ಮ ಪೇಗನ್ ಎಂದು ಬರೆಸಿದ್ದಾರೆ. ಅವರ ಪಾಲಿಗೆ ಇದು ನಿತ್ಯದ ಬದುಕು.

ಅಂಗಡಿಗಳು ಹಬ್ಬಕ್ಕೆ ಕೆಲವು ವಾರ ಮೊದಲೇ ಮೇಜು ಬದಲಾಯಿಸುತ್ತವೆ. ಸೌವಿನ್ ಮುಗಿದ ಮಾರನೆ ದಿನವೇ ಯೂಲ್ ಸಾಮಾನು ಮೇಲೆ ಬರುತ್ತದೆ. ಹಬ್ಬ ಕಳೆದ ಮೇಲೆ ಉಳಿದದ್ದಕ್ಕೆ ರಿಯಾಯಿತಿ ಇರಬಹುದು. ಮೇಣದಬತ್ತಿ ಆಗ ಕೊಂಡರೆ ನಷ್ಟ ಇಲ್ಲ, ಮುಂದಿನ ವರ್ಷಕ್ಕೂ ಆಗುತ್ತದೆ. ಒಣ ಸೊಪ್ಪು ಮಾತ್ರ ಹಾಗೆ ಕೊಳ್ಳಬೇಡಿ. ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗಿ, ಕೈಯಲ್ಲಿ ಉಜ್ಜಿದರೂ ವಾಸನೆ ಬಾರದಿದ್ದರೆ ಅದರಲ್ಲಿ ಏನೂ ಉಳಿದಿಲ್ಲ.

ಮೆಲ್ಬರ್ನ್, ಸಿಡ್ನಿಯಲ್ಲಿ ಇರುವವರು ಈ ಎಲ್ಲ ದಿನಾಂಕಗಳನ್ನು ಆರು ತಿಂಗಳು ಪಕ್ಕಕ್ಕೆ ಸರಿಸಿಕೊಳ್ಳಿ. ಅಲ್ಲಿನ ಪೇಗನ್ನರಲ್ಲಿ ಬಹಳ ಮಂದಿ ಯೂಲ್ ಮಾಡುವುದು ಜೂನ್ ಚಳಿಯಲ್ಲಿ.

ಹೋಗುವ ದಾರಿ

ಗ್ಲಾಸ್ಟನ್‌ಬರಿಗೆ ರೈಲು ಇಲ್ಲ. ಹತ್ತಿರದ ಸ್ಟೇಷನ್ ಕಾಸಲ್ ಕೇರಿ, ಅಲ್ಲಿಂದ ಟ್ಯಾಕ್ಸಿ ಬೇಕಾಗುತ್ತದೆ. ಬ್ರಿಸ್ಟಲ್‌ನಿಂದ ವೆಲ್ಸ್ ಎಂಬ ಊರಿನ ಮೇಲೆ ಬರುವ 376 ನಂಬರಿನ ಬಸ್ಸೇ ಸುಲಭ. ಹೆಸರಾಂತ ಸಂಗೀತೋತ್ಸವ ನಡೆಯುವುದು ಈ ಊರಿನಲ್ಲಿ ಅಲ್ಲ, ಕೆಲವು ಮೈಲಿ ಆಚೆಯ ಪಿಲ್ಟನ್‌ನಲ್ಲಿ. ಜೂನ್ ಕೊನೆಯಲ್ಲಿ ಆ ದಾರಿಯಲ್ಲಿ ವಾಹನ ಜಾಸ್ತಿ, ಆಗ ಶಾಪಿಂಗ್‌ಗೆ ಹೋಗಬೇಡಿ. ಚಳಿಗಾಲದಲ್ಲಿ ಅಂಗಡಿಗಳು ಬಾಗಿಲು ತೆಗೆಯುವ ಹೊತ್ತು, ದಿನ ಬದಲಾಗುವುದುಂಟು, ಹೊರಡುವ ಮುಂಚೆ ನೋಡಿಕೊಳ್ಳಿ. ಡಿಸೆಂಬರ್‌ನಲ್ಲಿ ಹಗಲು ಇರುವುದು ಸುಮಾರು ಎಂಟು ತಾಸು ಮಾತ್ರ. ಆದ್ದರಿಂದ ಟಾರ್ ಮೊದಲು ಹತ್ತಿ, ಅಂಗಡಿ ಆಮೇಲೆ.

ಸೌವಿನ್ ಮೇಜಿನಿಂದ ಏನು ತಗೊಳ್ಳಬೇಕು

ಸೌವಿನ್ ಸತ್ತವರನ್ನು ನೆನೆಯುವ ಹಬ್ಬ. ಸುಗ್ಗಿ ಮುಗಿದು ಚಳಿಗಾಲಕ್ಕೆ ಕಾಲಿಡುವ ರಾತ್ರಿ. ಕೆಲವು ಮನೆಗಳಲ್ಲಿ ಅಂದು ಮೌನ ಊಟ ಮಾಡುತ್ತಾರೆ. ಮೇಜಿನಲ್ಲಿ ತೀರಿಕೊಂಡವರಿಗೊಂದು ತಟ್ಟೆ ಇಟ್ಟು ಬಡಿಸುತ್ತಾರೆ, ಊಟ ಮುಗಿಯುವವರೆಗೆ ಯಾರೂ ಮಾತಾಡುವುದಿಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟು ಬೆಳೆದವರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಪಿತೃಪಕ್ಷ ಮುಗಿದು ಕೆಲವೇ ವಾರಕ್ಕೆ ಈ ಹಬ್ಬ ಬರುತ್ತದೆ. ಹಾಗಾಗಿ ಇಲ್ಲಿನ ನಮ್ಮವರಿಗೆ ಅರ್ಥವಾಗುವ ಮೊದಲ ಪೇಗನ್ ಹಬ್ಬ ಇದೇ ಇರಬೇಕು.

ನನ್ನ ಪಟ್ಟಿ ಚಿಕ್ಕದು. ಎರಡು ಕಪ್ಪು ಬತ್ತಿ, ಒಂದು ಬಿಳಿ. ಅಂಗಡಿಯವರು ಚೈಮ್ ಕ್ಯಾಂಡಲ್ ಎನ್ನುವ ಸಣ್ಣ ಬತ್ತಿ ಕೇಳಿ. ಸುಮಾರು 10 ಸೆಂಟಿಮೀಟರ್ ಉದ್ದ, ಬೆರಳಿಗಿಂತ ತೆಳು. ಸುಮಾರು ಎರಡು ತಾಸಿನಲ್ಲಿ ಪೂರ್ತಿ ಉರಿದು ಹೋಗುತ್ತದೆ. ಅಂದರೆ ಒಂದು ಊಟ, ಒಂದು ಪ್ರಾರ್ಥನೆಗೆ ಸರಿಯಾದ ಅಳತೆ. ಇದಕ್ಕೆ ಬೇರೆ ಅಳತೆಯ ಹೋಲ್ಡರ್ ಬೇಕು, ಮಾಮೂಲಿ ಸ್ಟ್ಯಾಂಡ್‌ನಲ್ಲಿ ಅಲುಗಾಡಿ ಬೀಳುತ್ತದೆ. ಲೋಹದ್ದು ಅಥವಾ ಪಿಂಗಾಣಿಯದ್ದು ತಗೊಳ್ಳಿ, ಮರದ್ದು ಬೇಡ.

ಸೇಬನ್ನು ಅಂಗಡಿಯಲ್ಲಿ ಕೊಳ್ಳಬೇಡಿ. ಸಾಮರ್‌ಸೆಟ್ ಅಂದರೆ ಸೇಬಿನ ನಾಡು, ದಾರಿಯಲ್ಲಿ ತೋಟದವರು ಮಾರುತ್ತಿರುತ್ತಾರೆ. ಸೇಬನ್ನು ಅಡ್ಡಕ್ಕೆ ಕೊಯ್ದರೆ ನಡುವೆ ಐದು ಮೂಲೆಯ ನಕ್ಷತ್ರ ಕಾಣುತ್ತದೆ. ಸೌವಿನ್‌ಗೆ ಸೇಬು ಮುಖ್ಯವಾಗಿರುವುದಕ್ಕೆ ಈ ನಕ್ಷತ್ರವೂ ಒಂದು ಕಾರಣ. ಒಳಗೆ ದೀಪ ಇಡುವ ಲಾಂದ್ರ ಕೆತ್ತಲು ಕುಂಬಳಕಾಯಿಯೇ ಆಗಬೇಕೆಂದಿಲ್ಲ. ಐರ್ಲೆಂಡಿನಲ್ಲಿ ಹಿಂದೆ ಕೆತ್ತುತ್ತಿದ್ದದ್ದು ಟರ್ನಿಪ್ ಗೆಡ್ಡೆಯನ್ನು.

ಇನ್ನು ಮಗ್‌ವರ್ಟ್ ಎಂಬ ಸೊಪ್ಪು. ಕನಸು, ಶಕುನಕ್ಕೆಂದು ಈ ತಿಂಗಳು ಇದಕ್ಕೆ ಬೇಡಿಕೆ. ಗಣೇಶನ ಪೂಜೆಗೆ ತರುವ ಮಾಚಿಪತ್ರೆಯ ಕುಲದ್ದೇ ಇದು, ಮೂಸಿದರೆ ಗುರುತು ಸಿಗುತ್ತದೆ. ತಲೆದಿಂಬಿನ ಪಕ್ಕ ಸಣ್ಣ ಬಟ್ಟೆ ಚೀಲದಲ್ಲಿ ಇಡಲು ತೊಂದರೆ ಇಲ್ಲ. ಗರ್ಭಿಣಿಯರು ಇದರ ಕಷಾಯ ಕುಡಿಯಬಾರದು. ಪ್ಯಾಕೆಟ್ ಮೇಲೆ ಈ ಎಚ್ಚರಿಕೆ ಬರೆಯುವ ಅಂಗಡಿ ಒಳ್ಳೆಯ ಅಂಗಡಿ.

ಆಭರಣ ಬೇಕೆನ್ನುವವರಿಗೆ ಈ ಋತುವಿನಲ್ಲಿ ನಾನು ಹೇಳುವುದು ಒಂದೇ: ವಿಟ್ಬಿ ಜೆಟ್. ಯಾರ್ಕ್‌ಷೈರ್ ಕಡಲ ದಡದಲ್ಲಿ ಸಿಗುವ ಕಪ್ಪು ವಸ್ತು. ಕಲ್ಲಿನಂತೆ ಕಂಡರೂ ಕೋಟ್ಯಂತರ ವರ್ಷ ಹಿಂದೆ ನೀರಿಗೆ ಬಿದ್ದ ಮರ. 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಶೋಕದ ಒಡವೆಯಾಗಿ ಇದನ್ನು ತೊಟ್ಟರು, ಆಮೇಲೆ ದೇಶವೇ ತೊಟ್ಟಿತು. ಕೈಯಲ್ಲಿ ಹಿಡಿದು ನೋಡಿ. ನಿಜವಾದ ಜೆಟ್ ಹಗುರ, ತಣ್ಣಗಿರುವುದಿಲ್ಲ. ಫ್ರೆಂಚ್ ಜೆಟ್ ಎಂದು ಮಾರುವುದು ಕಪ್ಪು ಗಾಜು. ಅದು ಭಾರ, ಬೆರಳಿಗೆ ತಣ್ಣಗೆ ತಾಗುತ್ತದೆ.

ಯೂಲ್‌ಗೆ

ಯೂಲ್ ಸೂರ್ಯ ಉತ್ತರಕ್ಕೆ ತಿರುಗುವ ದಿನ. ನಮ್ಮ ಸಂಕ್ರಾಂತಿ ಸುಮಾರು ಮೂರೂವರೆ ವಾರ ತಡವಾಗಿ ಬರುವುದಕ್ಕೆ ಕಾರಣ ನಮ್ಮ ಪಂಚಾಂಗ ನಕ್ಷತ್ರಗಳ ಲೆಕ್ಕ ಹಿಡಿಯುವುದು. ಆದರೆ ಎರಡೂ ಕಡೆ ಜನ ಕಾಯುವುದು ಅದೇ ಬೆಳಕಿಗೆ. ಸ್ಟೋನ್‌ಹೆಂಜ್ ಎಂಬ ಪುರಾತನ ಕಲ್ಲುಕಂಬಗಳ ವೃತ್ತದಲ್ಲಿ ಅಂದು ಬೆಳಗ್ಗೆ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಜನರನ್ನು ಕಲ್ಲುಗಳ ನಡುವೆ ಉಚಿತವಾಗಿ ಬಿಡುತ್ತದೆ.

ಈ ಮೇಜಿನಲ್ಲಿ ಯೂಲ್ ದಿಮ್ಮಿ ಇರುತ್ತದೆ. ಬತ್ತಿ ನಿಲ್ಲಿಸಲು ತೂತು ಕೊರೆದ ಮರದ ತುಂಡು, ಮೇಲೆ ಪಾಚಿ, ಹಾಲಿ ಎಂಬ ಗಿಡದ ಮುಳ್ಳಂಚಿನ ಎಲೆ, ಪೈನ್ ಕಾಯಿ. ನೋಡಲು ಚೆಂದ, ಆದರೆ ಒಣ ಪಾಚಿಯ ಪಕ್ಕ ಬತ್ತಿ ಹಚ್ಚಿ ಅಡುಗೆಮನೆಗೆ ಹೋದರೆ ಮನೆಗೇ ಬೆಂಕಿ. ಬರಿ ದಿಮ್ಮಿ ಕೊಳ್ಳಿ, ಅಲಂಕಾರ ನೀವೇ ಮಾಡಿ, ಬತ್ತಿ ಹಚ್ಚುವ ಮುಂಚೆ ಅಲಂಕಾರ ತೆಗೆದಿಡಿ. ಡಿಸೆಂಬರ್‌ನಲ್ಲಿ ಮಾಲೆ ಕಟ್ಟುವ ತರಗತಿ ನಡೆಸುವ ಅಂಗಡಿಗಳೂ ಇವೆ. ಸಾಮಾನು ಕೊಳ್ಳುವುದಕ್ಕಿಂತ ಅಲ್ಲಿ ಒಂದು ಮಧ್ಯಾಹ್ನ ಕೂತು ಕಟ್ಟುವುದು ನನಗೆ ಹೆಚ್ಚು ಇಷ್ಟ. ಜಾಗ ಬೇಗ ತುಂಬುತ್ತದೆ, ನವೆಂಬರ್‌ನಲ್ಲೇ ಹೆಸರು ಬರೆಸಿ.

ಮಿಸಲ್‌ಟೋ ಇದೇ ಕಾಲಕ್ಕೆ ಬರುತ್ತದೆ. ನಮ್ಮ ಮಾವಿನ ಮರದ ಬದನಿಕೆಯ ಹಾಗೆ ಇದು ಸೇಬಿನ ಮರದ ಮೇಲೆ ಬೆಳೆಯುತ್ತದೆ. ವೂಸ್ಟರ್‌ಷೈರ್‌ನ ಟೆನ್‌ಬರಿ ವೆಲ್ಸ್ ಊರಿನಲ್ಲಿ ನವೆಂಬರ್ ಕೊನೆಯಿಂದ ಇದರ ಹರಾಜೇ ನಡೆಯುತ್ತದೆ. ಬಿಳಿ ಹಣ್ಣು ವಿಷ. ಮಕ್ಕಳು, ಬೆಕ್ಕು, ನಾಯಿ ಇರುವ ಮನೆಯಲ್ಲಿ ಎತ್ತರಕ್ಕೆ ಕಟ್ಟಿ, ಉದುರಿದ್ದನ್ನು ಆಗಾಗ ಗುಡಿಸಿ.

ಉಳಿದ ಆರು ಹಬ್ಬಕ್ಕೆ

ಇಂಬೊಲ್ಕ್‌ಗೆ ಜೇನುಮೇಣದ ಬತ್ತಿ ಮತ್ತು ಐರ್ಲೆಂಡಿನವರು ದೇವಿಯೆಂದೂ ಸಂತಳೆಂದೂ ನೆನೆಯುವ ಬ್ರಿಜಿಡ್ ಹೆಸರಿನ, ಜೊಂಡಿನಲ್ಲಿ ಹೆಣೆದ ಶಿಲುಬೆ. ಜೊಂಡು ಸಿಕ್ಕರೆ ನೀವೇ ಹೆಣೆಯಬಹುದು, ಅರ್ಧ ಗಂಟೆಯ ಕೆಲಸ. ಐರ್ಲೆಂಡಿನಲ್ಲಿ 2023ರಿಂದ ಬ್ರಿಜಿಡ್ ಹಬ್ಬಕ್ಕೆ ಸರ್ಕಾರಿ ರಜೆಯೂ ಇದೆ. ಒಸ್ತಾರಕ್ಕೆ ಬೀಜದ ಪ್ಯಾಕೆಟ್. ಬೆಲ್ಟೇನ್‌ಗೆ ರಿಬ್ಬನ್. ಲಿಥಾಗೆ ಏನೂ ಕೊಳ್ಳಬೇಡಿ, ಹೊರಗೆ ಬಿಸಿಲಲ್ಲಿ ಸುತ್ತಾಡಿ ಬನ್ನಿ. ಲಾಮಸ್‌ಗೆ ಗೋಧಿ ಹುಲ್ಲಿನ ಗೊಂಬೆ, ಅದನ್ನು ಕೈಯಲ್ಲಿ ಹೆಣೆಯುವವರು ಈಗ ಕಮ್ಮಿ, ಸಿಕ್ಕರೆ ಚೌಕಾಸಿ ಮಾಡದೆ ತಗೊಳ್ಳಿ. ಆ ವಾರದ ಸುತ್ತಮುತ್ತ ಗ್ಲಾಸ್ಟನ್‌ಬರಿಯಲ್ಲಿ ದೇವಿಯ ಆರಾಧಕರ ಸಮ್ಮೇಳನ ನಡೆಯುತ್ತದೆ, ಊರು ತುಂಬಿರುತ್ತದೆ. ಮೇಬನ್‌ಗೆ ಮತ್ತೆ ಸೇಬು.

ಧೂಪ: ನಮ್ಮೂರಿನದನ್ನು ಗುರುತಿಸಿ

ಇಂಗ್ಲೆಂಡಿನ ಯಾವ ಪೇಗನ್ ಅಂಗಡಿಗೆ ಹೋದರೂ ನೀಲಿ, ಬಿಳಿ, ಕೆಂಪು ಬಣ್ಣದ ಒಂದು ಡಬ್ಬಿ ಕಾಣುವುದು ಹೆಚ್ಚುಕಡಿಮೆ ಖಾತ್ರಿ. ಅದು ನಾಗ ಚಂಪಾ. 1964ರಲ್ಲಿ ಶುರುವಾದ ಶ್ರೀನಿವಾಸ ಸುಗಂಧಾಲಯದ್ದು, ಬೆಂಗಳೂರಿನ ಹೆಸರು ಡಬ್ಬಿಯ ಮೇಲೇ ಇರುವುದುಂಟು. ಸಂಪಿಗೆ, ಗಂಧದ ಪರಿಮಳ. ಆ ಪರಿಮಳವನ್ನು ಹಿಡಿದಿಡುವುದು ಹಾಲುಮಡ್ಡಿ. ನಮ್ಮ ಪಶ್ಚಿಮ ಘಟ್ಟದ ಹಾಲುಮಡ್ಡಿ ಮರದ ಅಂಟು. ಇಲ್ಲಿನ ಅಂಗಡಿಯವರೂ ಅದನ್ನು 'ಹಲ್ಮಡ್ಡಿ' ಎಂದೇ ಕರೆಯುತ್ತಾರೆ. ಸಾಮರ್‌ಸೆಟ್‌ನ ಬೀದಿಯೊಂದರಲ್ಲಿ ಆ ಮಾತು ಕಿವಿಗೆ ಬಿದ್ದಾಗ ಆಗುವ ಖುಷಿಯೇ ಬೇರೆ.

ಅಗರಬತ್ತಿಯಲ್ಲಿ ಎರಡು ಬಗೆ. ಮಸಾಲಾ ಬತ್ತಿಯಲ್ಲಿ ಪುಡಿ, ಅಂಟು, ಮೂಲಿಕೆಯನ್ನು ನಾದಿ ಕಡ್ಡಿಗೆ ಹೊಸೆದಿರುತ್ತಾರೆ. ಇನ್ನೊಂದು ಇದ್ದಿಲಿನ ಕಡ್ಡಿಯನ್ನು ಸೆಂಟಿನಲ್ಲಿ ಅದ್ದಿ ತೆಗೆದದ್ದು. ಮಸಾಲಾ ಬತ್ತಿ ಕಂದು ಅಥವಾ ಬೂದು ಬಣ್ಣ, ಮೈ ಒರಟು, ಹಾಲುಮಡ್ಡಿ ಇದ್ದರೆ ಬೆರಳಿಗೆ ಸ್ವಲ್ಪ ಮೆತ್ತಗೆ. ಅದ್ದಿದ್ದು ಕಪ್ಪು, ನುಣುಪು, ಹಚ್ಚುವ ಮುಂಚೆಯೇ ಮೂಗಿಗೆ ಹೊಡೆಯುತ್ತದೆ. ನಾನು ಮಸಾಲಾ ಬತ್ತಿಯೇ ತಗೊಳ್ಳಿ ಎನ್ನುತ್ತೇನೆ. 'ಮಿಡ್‌ನೈಟ್ ಮಿಸ್ಟಿಕ್' ಥರದ ಹೆಸರು ಇದ್ದು, ತಯಾರಕರ ಊರು ಇಲ್ಲದ ಪ್ಯಾಕೆಟ್ ಬಿಡಿ.

ಬೆಂಜೊಯಿನ್ ಎಂದು ಚೀಟಿ ಅಂಟಿಸಿದ ಅಂಟಿನ ತುಂಡುಗಳನ್ನು ಸಣ್ಣ ಡಬ್ಬಿಯಲ್ಲಿ ಮಾರುತ್ತಾರೆ. ಅದು ನಮ್ಮ ಸಾಂಬ್ರಾಣಿಯೇ. ಇಂಡಿಯನ್ ದಿನಸಿ ಅಂಗಡಿಯಲ್ಲಿ ಬೆಲೆ ಕೇಳಿ ನೋಡಿ, ಆಮೇಲೆ ಎಲ್ಲಿ ಕೊಳ್ಳುವುದೆಂದು ತೀರ್ಮಾನಿಸಿ. ಫ್ರಾಂಕಿನ್‌ಸೆನ್ಸ್ ಎಂಬ ಮರದ ಅಂಟಿನ ಧೂಪ ಮಾತ್ರ ಇಲ್ಲೇ ತಗೊಳ್ಳಿ. ಒಮಾನಿನದು, ಸೊಮಾಲಿಯಾದ್ದು ಎಂದು ಊರು ಹೇಳಿ ಮಾರುವ ಅಂಗಡಿಯಲ್ಲಿ ಒಳ್ಳೆಯ ಹರಳು ಸಿಗುತ್ತದೆ.

ಇವನ್ನು ಸುಡಲು ಬಿಲ್ಲೆಯಂಥ ಇದ್ದಿಲು ಬೇಕು. ಊರಲ್ಲಿ ಕೆಂಡಕ್ಕೆ ಧೂಪ ಹಾಕುತ್ತಿದ್ದ ಅಭ್ಯಾಸ ಇದ್ದವರಿಗೂ ಈ ಬಿಲ್ಲೆ ಹೊಸದು, ಅದಕ್ಕೆ ಬಿಡಿಸಿ ಹೇಳುತ್ತೇನೆ.

1. ಲೋಹದ ಇಲ್ಲವೇ ದಪ್ಪ ಮಣ್ಣಿನ ಬಟ್ಟಲಿಗೆ ಅರ್ಧದಷ್ಟು ಒಣ ಮರಳು ತುಂಬಿ. ಮರಳಿಲ್ಲದೆ ಇಟ್ಟರೆ ಬಟ್ಟಲು ಕಾದು ಕೆಳಗಿನ ಮೇಜು ಸುಡುತ್ತದೆ.

2. ಕಿಟಕಿ ತೆಗೆಯಿರಿ. ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಅದಕ್ಕೆ ವಾಸನೆ ಇಲ್ಲ. ಗೂಡಿನಲ್ಲಿ ಹಕ್ಕಿ ಸಾಕಿದ್ದರೆ ಆ ಕೋಣೆಯಲ್ಲಿ ಸುಡಲೇಬೇಡಿ.

3. ಬಿಲ್ಲೆಯನ್ನು ಇಕ್ಕಳದಲ್ಲಿ ಹಿಡಿದು ಅಂಚಿಗೆ ಬೆಂಕಿ ತಾಗಿಸಿ. ಅದರಲ್ಲಿ ಪೆಟ್ಲುಪ್ಪು ಸೇರಿಸಿರುವುದರಿಂದ ಕಿಡಿ ಚಟಪಟ ಎನ್ನುತ್ತಾ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಾನೇ ಓಡುತ್ತದೆ. ಕೈಯಲ್ಲಿ ಹಿಡಿಯಬೇಡಿ.

4. ಮರಳಿನ ಮೇಲೆ ಗುಂಡಿ ಇರುವ ಮುಖ ಮೇಲಾಗಿ ಇಟ್ಟು ಕೆಲವು ನಿಮಿಷ ಕಾಯಿರಿ. ಮೇಲೆ ಬೂದಿ ಬಣ್ಣ ಬಂದ ಮೇಲೇ ಧೂಪ ಹಾಕಿ. ಮುಂಚೆ ಹಾಕಿದರೆ ಪೆಟ್ಲುಪ್ಪಿನ ಕಮಟು ವಾಸನೆ ಎಲ್ಲ ಕೆಡಿಸುತ್ತದೆ.

5. ಕಡಲೆಕಾಳಿನಷ್ಟು ಹರಳು ಸಾಕು. ಜಾಸ್ತಿ ಹಾಕಿದರೆ ಹೊಗೆ ಅಲಾರಂ ಕೂಗುತ್ತದೆ, ಬಾಡಿಗೆ ಮನೆಯವರಿಗೆ ಇದು ಸಣ್ಣ ವಿಷಯ ಅಲ್ಲ. ಅಲಾರಂಗೆ ಬಟ್ಟೆ ಕಟ್ಟಬೇಡಿ, ಹೊಗೆ ಕಮ್ಮಿ ಮಾಡಿ.

6. ಬಿಲ್ಲೆ ಆರಿದಂತೆ ಕಂಡರೂ ಒಳಗೆ ಬಹಳ ಹೊತ್ತು ಬಿಸಿ ಇರುತ್ತದೆ. ಮಾರನೆ ದಿನ ನೀರು ಹಾಕಿ ನೋಡಿ, ಆಮೇಲೆ ಕಸದ ಬುಟ್ಟಿಗೆ.

ಅಂಗಡಿಯಲ್ಲಿ ಧೂಪದ ಪಕ್ಕದಲ್ಲೇ ವೈಟ್ ಸೇಜ್ ಎಂಬ ಬೂದು ಎಲೆಯ ಕಟ್ಟು ಇರುತ್ತದೆ. ಅದನ್ನು ಕೊಳ್ಳಬೇಡಿ ಎಂದು ನಾನು ಕಡ್ಡಿ ಮುರಿದಂತೆ ಹೇಳುತ್ತೇನೆ. ಅದು ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೋದ ಬಾಹಾ ಕಡೆ ಮಾತ್ರ ತಾನಾಗಿ ಬೆಳೆಯುವ ಗಿಡ. ಅಲ್ಲಿನ ಮೂಲನಿವಾಸಿಗಳಿಗೆ ಪೂಜ್ಯ. ಪೇಟೆಯ ಬೇಡಿಕೆಯಿಂದ ಕಾಡಿನಲ್ಲಿ ಕದ್ದು ಕೊಯ್ಯುವುದು ಹೆಚ್ಚಾಗಿದೆ. ಗಂಧದ ಮರಕ್ಕೆ ಏನಾಯಿತೆಂದು ಕಂಡ ಕನ್ನಡಿಗರಿಗೆ ಈ ಸಂಕಟ ಗೊತ್ತು, ಅಲ್ವಾ? ಮನೆ ಶುದ್ಧಕ್ಕೆ ಹೊಗೆ ಹಾಕಬೇಕೆಂದರೆ ರೋಸ್‌ಮರಿ, ಜುನಿಪರ್ ಇದೆ. ರೋಸ್‌ಮರಿ ಇಂಗ್ಲೆಂಡಿನ ಹಿತ್ತಿಲಲ್ಲಿ ಕಳೆಯಷ್ಟು ಸಲೀಸಾಗಿ ಬೆಳೆಯುತ್ತದೆ. ನಾಲ್ಕು ಟೊಂಗೆ ಕೊಯ್ದು, ಹತ್ತಿ ದಾರ ಸುತ್ತಿ, ಗಾಳಿಗೆ ತಲೆಕೆಳಗಾಗಿ ನೇತುಹಾಕಿದರೆ ಎರಡು ಮೂರು ವಾರದಲ್ಲಿ ಒಣಗುತ್ತದೆ.

ಕಲ್ಲುಗಳ ಮುಂದೆ ನಿಂತಾಗ

ಕಲ್ಲಿಗೆ ಶಕ್ತಿ ಇದೆಯೇ ಎಂಬುದು ನಿಮ್ಮ ನಂಬಿಕೆಯ ಮಾತು. ಅದಕ್ಕೆ ನಾನು ಕೈ ಹಾಕುವುದಿಲ್ಲ. ಕಾಯಿಲೆಗೆ ಮಾತ್ರ ಡಾಕ್ಟರ್ ಹತ್ತಿರವೇ ಹೋಗಿ. ನಾನು ಹೇಳುವುದು ದುಡ್ಡು ಕೊಟ್ಟ ಕಲ್ಲು ಅದೇ ಕಲ್ಲೇ ಎಂದು ನೋಡುವ ಬಗ್ಗೆ.

ಉದಾಹರಣೆಗೆ ಸಿಟ್ರಿನ್. ಹಳದಿ ಕಲ್ಲು, ದುಡ್ಡು ತರುತ್ತದೆಂದು ಹೆಸರು. ಪೇಟೆಯಲ್ಲಿ ಸಿಗುವುದರಲ್ಲಿ ಬಹುಪಾಲು ನೇರಳೆ ಅಮೆಥಿಸ್ಟನ್ನು ಕಾಯಿಸಿ ಬಣ್ಣ ಬದಲಾಯಿಸಿದ್ದು. ಗೊಂಚಲನ್ನು ಬೆಳಕಿಗೆ ಹಿಡಿಯಿರಿ. ಬುಡ ಸುಣ್ಣದ ಬಿಳಿ, ತುದಿ ಸುಟ್ಟ ಕಿತ್ತಳೆ ಬಣ್ಣ ಇದ್ದರೆ ಅದು ಕಾಯಿಸಿದ್ದು. ತಾನಾಗಿ ಆದ ಸಿಟ್ರಿನ್ ತೆಳು ಹಳದಿ, ಹೊಗೆಯ ಛಾಯೆ, ಬಣ್ಣ ಎಲ್ಲ ಕಡೆ ಒಂದೇ ಥರ ಹರಡಿರುತ್ತದೆ. ಕಾಯಿಸಿದ್ದು ಕೆಟ್ಟದ್ದೇನಲ್ಲ, ಅದೂ ಸ್ಫಟಿಕವೇ. ಅದಕ್ಕೆ ಅಪರೂಪದ ಕಲ್ಲಿನ ಬೆಲೆ ಕೊಡಬೇಡಿ, ಅಷ್ಟೆ.

ಅಗ್ಗದ ಟರ್ಕಾಯ್ಸ್ ಅಂದರೆ ಹೆಚ್ಚಾಗಿ ಹೌಲೈಟ್ ಎಂಬ ಬಿಳಿ ಕಲ್ಲಿಗೆ ನೀಲಿ ಬಣ್ಣ ಹಾಕಿದ್ದು. ಓಪಲೈಟ್, ಗೋಲ್ಡ್‌ಸ್ಟೋನ್, ಚೆರಿ ಕ್ವಾರ್ಟ್ಜ್ ಮೂರೂ ಗಾಜು. ಗಾಜಿನೊಳಗೆ ದುಂಡನೆ ಗುಳ್ಳೆ ಕಾಣುತ್ತದೆ. ನಿಜವಾದ ಸ್ಫಟಿಕ ಕೈಗೆ ತಣ್ಣಗೆ, ಬಿಸಿಯಾಗಲು ಹೊತ್ತು ತಗೊಳ್ಳುತ್ತದೆ. ಮೊಲ್ಡವೈಟ್ ಎಂಬ ಹಸಿರು ಕಲ್ಲು ಉಲ್ಕೆ ಬಡಿದು ಸುಮಾರು 1.5 ಕೋಟಿ ವರ್ಷದ ಹಿಂದೆ ಆದ ಗಾಜು, ಮುಖ್ಯವಾಗಿ ಸಿಗುವುದು ಚೆಕ್ ದೇಶದಲ್ಲಿ. ಇದರ ನಕಲು ಎಷ್ಟಿದೆಯೆಂದರೆ, ಗುರುತಿನ ಅಂಗಡಿ ಅಲ್ಲದಿದ್ದರೆ ಮುಟ್ಟಲೇಬೇಡಿ.

ಕೇಳಬೇಕಾದ ಪ್ರಶ್ನೆ ಮೂರು. ಯಾವ ದೇಶದ್ದು? ಕಾಯಿಸಿದ್ದೋ, ಬಣ್ಣ ಹಾಕಿದ್ದೋ? ಗಣಿಯಿಂದ ಅಂಗಡಿವರೆಗೆ ಯಾರ ಕೈ ದಾಟಿ ಬಂತು? ಮೊದಲೆರಡಕ್ಕೆ ಉತ್ತರ ಬಾರದಿದ್ದರೆ ವಾಪಸ್ ಇಟ್ಟುಬಿಡಿ. ಮೂರನೆಯದಕ್ಕೆ ಪೂರ್ತಿ ಉತ್ತರ ಕೊಡುವವರು ಕಮ್ಮಿ, ಆದರೂ ಕೇಳಿ. ಗಿರಾಕಿ ಕೇಳಿದರೇ ಅಂಗಡಿಯವರು ಸಗಟು ವ್ಯಾಪಾರಿಯನ್ನು ಕೇಳುತ್ತಾರೆ.

ಮನೆಗೆ ತಂದ ಮೇಲೆ: ಸೆಲೆನೈಟನ್ನು ನೀರಿನಲ್ಲಿ ತೊಳೆಯಬೇಡಿ, ಅದು ಜಿಪ್ಸಮ್, ಮೈ ಕರಗಿ ಒರಟಾಗುತ್ತದೆ. ಅಮೆಥಿಸ್ಟ್, ರೋಸ್ ಕ್ವಾರ್ಟ್ಜ್ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತವೆ. ಕಲ್ಲು ಹಾಕಿದ ನೀರು ಕುಡಿಯುವ ರೂಢಿ ಕೆಲವರಲ್ಲಿದೆ, ಅದು ಬೇಡ. ಮ್ಯಾಲಕೈಟ್‌ನಲ್ಲಿ ತಾಮ್ರ ಇದೆ, ಗಲೀನಾದಲ್ಲಿ ಸೀಸ ಇದೆ. ಸ್ಫಟಿಕದ ಗೋಳವನ್ನು ಕಿಟಕಿಯಲ್ಲಿ ಇಟ್ಟರೆ ಬಿಸಿಲು ಒಂದೆಡೆ ಸೇರಿ ಪರದೆಗೆ ಬೆಂಕಿ ಹಿಡಿಯುತ್ತದೆ. ಲಂಡನ್ ಅಗ್ನಿಶಾಮಕ ದಳ ಇದರ ಬಗ್ಗೆ ಎಚ್ಚರಿಕೆಯನ್ನೇ ಕೊಟ್ಟಿದೆ. ಮೇಲೊಂದು ಬಟ್ಟೆ ಮುಚ್ಚಿ.

ಟ್ಯಾರೋ ಮತ್ತು ಭವಿಷ್ಯ ಹೇಳುವವರು

ಟ್ಯಾರೋ ಅಂದರೆ ಭವಿಷ್ಯ ನೋಡಲು ಬಳಸುವ, ಇಸ್ಪೀಟಿನಂಥ ಚಿತ್ರದ ಎಲೆಗಳ ಕಟ್ಟು. ಮೊದಲ ಸಲಕ್ಕೆ ರೈಡರ್-ವೇಟ್-ಸ್ಮಿತ್ ಕಟ್ಟು ಸಾಕು. ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದದ್ದು, 1909ರಲ್ಲಿ ಬಂತು. 78 ಎಲೆ, ಪ್ರತಿಯೊಂದರಲ್ಲೂ ಕಥೆ ಹೇಳುವ ಚಿತ್ರ. ಮೊದಲ ಕಟ್ಟನ್ನು ಬೇರೆಯವರೇ ಉಡುಗೊರೆ ಕೊಡಬೇಕು ಎನ್ನುವುದು ಬರಿ ಮಾತು, ನೀವೇ ಕೊಳ್ಳಿ. ಎಲೆ ತೆಳುವಾಗಿದ್ದು, ಪುಸ್ತಿಕೆಯ ಬದಲು ಕ್ಯೂಆರ್ ಕೋಡ್ ಮಾತ್ರ ಇದ್ದು, ಬೆಲೆ ಅರ್ಧಕ್ಕಿಂತ ಕಮ್ಮಿ ಇದ್ದರೆ ನಕಲು ಎಂದು ಅನುಮಾನಿಸಿ. ಅಂಥದ್ದರಲ್ಲಿ ಕಲಾವಿದರಿಗೆ ಒಂದು ಕಾಸೂ ಹೋಗುವುದಿಲ್ಲ.

ಸೌವಿನ್ ಸಮಯದಲ್ಲಿ ಎಲೆ ಓದುವವರ ಮುಂದೆ ಸಾಲು ಇರುತ್ತದೆ. ಕೂರುವ ಮುಂಚೆ ಎಷ್ಟು ನಿಮಿಷ, ಎಷ್ಟು ಪೌಂಡ್ ಎಂದು ಕೇಳಿಕೊಳ್ಳಿ. ಒಳ್ಳೆಯವರು ಸಾವು, ಕಾಯಿಲೆ, ಕೋರ್ಟ್ ಕೇಸಿನ ತೀರ್ಪು ಹೇಳುವುದಿಲ್ಲ. 'ನಿಮ್ಮ ಮೇಲೆ ಶಾಪ ಇದೆ, ತೆಗೆಯಲು ಇನ್ನಷ್ಟು ದುಡ್ಡು' ಎಂದರೆ ಎದ್ದು ಬನ್ನಿ. ದೋಷ, ಪರಿಹಾರ ಎಂದು ಕಿಸೆ ಖಾಲಿ ಮಾಡುವವರನ್ನು ನಾವು ಊರಲ್ಲೂ ಕಂಡಿದ್ದೇವೆ. ಬ್ರಿಟನ್ನಿನಲ್ಲಿ ಇಂಥದ್ದು ಗ್ರಾಹಕ ರಕ್ಷಣೆಯ ಕಾನೂನಿನ ಕೆಳಗೆ ಬರುತ್ತದೆ, ಸಿಟಿಜನ್ಸ್ ಅಡ್ವೈಸ್ ಎಂಬ ಸಲಹಾ ಸಂಸ್ಥೆಗೆ ದೂರು ಕೊಡಬಹುದು. ಸಾಮಾನು ಆನ್‌ಲೈನ್‌ನಲ್ಲಿ ತರಿಸಿದ್ದರೆ, ಕೈಗೆ ಬಂದ 14 ದಿನದೊಳಗೆ ಬೇಡವೆಂದು ತಿಳಿಸುವ ಹಕ್ಕು ಸಾಮಾನ್ಯವಾಗಿ ಇರುತ್ತದೆ. ಅಂಗಡಿಗೆ ಹೋಗಿ ನೋಡಿ ಕೊಂಡದ್ದಕ್ಕೆ ಆ ಹಕ್ಕು ಇಲ್ಲ.

ಅಂಗಡಿಯಲ್ಲಿ, ಗುಡ್ಡದಲ್ಲಿ ನಡೆದುಕೊಳ್ಳುವ ರೀತಿ

ಅಂಗಡಿಯ ಮೂಲೆಯಲ್ಲಿ ಬತ್ತಿ ಹಚ್ಚಿ, ಹೂವಿಟ್ಟ ಪೀಠ ಕಂಡರೆ ಅದು ಮಾರಾಟಕ್ಕಲ್ಲ. ಮುಟ್ಟಬೇಡಿ, ಕೇಳದೆ ಫೋಟೋ ಬೇಡ. ಇದೇ ಊರಿನಲ್ಲಿ ದೇವಿಯ ಗುಡಿಯೊಂದಿದೆ, 2003ರಲ್ಲಿ ಪೂಜಾಸ್ಥಳವೆಂದು ಅಧಿಕೃತವಾಗಿ ನೋಂದಣಿಯಾಗಿದೆ. ಅಲ್ಲಿಗೆ ಹೋಗುವಾಗಿನ ಮರ್ಯಾದೆಯನ್ನೇ ಇಲ್ಲೂ ಇಟ್ಟುಕೊಳ್ಳಿ. ಗೋಡೆಗೆ ಅಂಟಿಸಿದ ಚೀಟಿಗಳನ್ನು ಓದಿ. ಎಲ್ಲರಿಗೂ ತೆರೆದ ಪೂಜೆ, ಪಬ್‌ನಲ್ಲಿ ಸೇರುವ ಕೂಟ, ಮೂಲಿಕೆಯ ತರಗತಿ ಎಲ್ಲ ಅಲ್ಲೇ ತಿಳಿಯುತ್ತವೆ.

ಹರಕೆ ಅರ್ಪಿಸಬೇಕೆಂದು ಮನಸ್ಸಾದರೆ ನೆಲದಲ್ಲಿ ಕರಗುವುದನ್ನೇ ಅರ್ಪಿಸಿ. ಚಾಲಿಸ್ ವೆಲ್ ತೋಟದ ಬುಗ್ಗೆಯಲ್ಲಿ ಕಬ್ಬಿಣ ಜಾಸ್ತಿ, ನೀರು ಹರಿದ ಕಲ್ಲೆಲ್ಲ ಕೆಂಪು. ಅದರೊಳಗೆ ನಾಣ್ಯ, ಕಲ್ಲು ಹಾಕಬೇಡಿ. ಮರಗಳಿಗೆ ಜನ ರಿಬ್ಬನ್ ಕಟ್ಟುತ್ತಾರೆ. ನೈಲಾನ್ ರಿಬ್ಬನ್ ಕೊಳೆಯುವುದಿಲ್ಲ, ಟೊಂಗೆ ದಪ್ಪವಾದಾಗ ಕತ್ತು ಹಿಸುಕಿದಂತೆ ಬಿಗಿಯುತ್ತದೆ. ಹತ್ತಿ ಅಥವಾ ಉಣ್ಣೆಯ ದಾರ ಸಡಿಲವಾಗಿ ಕಟ್ಟಿ, ಅಥವಾ ಕಟ್ಟದೆ ಕೈಮುಗಿದು ಬನ್ನಿ. ಇದೇ ಊರಿನ ವಿಯರಿಯಾಲ್ ಗುಡ್ಡದ ಪವಿತ್ರ ಮುಳ್ಳಿನ ಮರವನ್ನು 2010ರ ಡಿಸೆಂಬರ್‌ನಲ್ಲಿ ಯಾರೋ ಕಡಿದರು. ಆ ನೋವು ಊರಿನವರಿಗೆ ಇನ್ನೂ ಇದೆ, ಮರಗಳ ವಿಷಯದಲ್ಲಿ ಅವರು ಗಡುಸಾಗಿ ಮಾತಾಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಪುರಾತನ ಸ್ಮಾರಕಗಳ ಕಲ್ಲುಗಳ ಹತ್ತಿರ ಸಣ್ಣ ಬತ್ತಿ ಹಚ್ಚಿಡುವುದಂತೂ ಬೇಡವೇ ಬೇಡ. ಮಸಿ, ಮೇಣ ಕಲ್ಲಿಗೆ ಇಳಿದರೆ ಹೋಗುವುದಿಲ್ಲ, ಬಿಸಿಗೆ ಕಲ್ಲು ಬಿರುಕೂ ಬಿಡುತ್ತದೆ.

ಊರಿಗೆ ಒಯ್ಯುವಾಗ

ಮೇಣದಬತ್ತಿ, ಟ್ಯಾರೋ, ಸಣ್ಣ ಕಲ್ಲುಗಳಿಗೆ ತೊಂದರೆ ಇಲ್ಲ. ಕಲ್ಲಿನ ತೂಕ ಮಾತ್ರ ಮನೆಯಲ್ಲೇ ನೋಡಿಕೊಳ್ಳಿ. ಬೀಜ, ಹಸಿ ಗಿಡ, ಒಣ ಸೊಪ್ಪು, ತೊಗಟೆ ಇರುವ ದಿಮ್ಮಿ ಒಯ್ಯಬೇಡಿ, ಭಾರತದಲ್ಲಿ ಗಿಡಮರದ ವಸ್ತುಗಳಿಗೆ ಕ್ವಾರಂಟೈನ್ ನಿಯಮ ಇದೆ. ಇದ್ದಿಲಿನ ಬಿಲ್ಲೆ ತಾನೇ ಹೊತ್ತಿಕೊಳ್ಳುವ ವಸ್ತು, ವಿಮಾನಕ್ಕೆ ಆಗುವುದಿಲ್ಲ. ಪೂಜೆಗೆ ಬಳಸುವ ಅಥೇಮ್ ಎಂಬ ಇಬ್ಬಾಯಿ ಚಾಕು ಕೊಂಡಿದ್ದರೆ ಅಂಗಡಿಯಲ್ಲೇ ಗಟ್ಟಿಯಾಗಿ ಸುತ್ತಿಸಿ, ರಸೀದಿ ಜೊತೆಗಿಟ್ಟು ನೇರ ಮನೆಗೆ ಒಯ್ಯಿರಿ. ಕಾರಣವಿಲ್ಲದೆ ಬೀದಿಯಲ್ಲಿ ಅದನ್ನು ಇಟ್ಟುಕೊಂಡು ತಿರುಗುವುದು ಬ್ರಿಟನ್ನಿನಲ್ಲಿ ಅಪರಾಧ. 18 ತುಂಬದವರಿಗೆ ಅದನ್ನು ಮಾರುವಂತೆಯೂ ಇಲ್ಲ. ವಿಮಾನದಲ್ಲಿ ಅದು ಚೆಕ್-ಇನ್ ಪೆಟ್ಟಿಗೆಯಲ್ಲೇ ಇರಬೇಕು, ಹೊರಡುವ ಮುಂಚೆ ಏರ್‌ಲೈನ್‌ನವರನ್ನು ಒಮ್ಮೆ ಕೇಳಿ. ಅಗರಬತ್ತಿ ಮಾತ್ರ ಒಯ್ಯಬೇಡಿ, ಅದು ಅಲ್ಲಿಂದಲೇ ಬಂದದ್ದು.